ನವಿಲುಗರಿ ಸವರಿದ ದಫ್ತರ

ನಾನು ಕೊಟ್ಟುಹೋಗಿದ್ದ ಹುಳ ಕೊಲ್ಲುವ ಪುಡಿಯ ಡಬ್ಬಿಯ ಮುಚ್ಚಳವನ್ನೂ ಆತ ತೆಗೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಶ್ರೀಪಾಲ ಅವರ, ಇದನ್ನೇನ ಪೂಜಾಕ್ಕ ಇಟ್ಟೀರೇನು?"

"ಕೂಡ್ರಿ ಮೇಡಂ, ಮೊದ್ಲ ನೀರ ಕುಡೀರಿ," ಎಂದ ಆತ. ಅಂಕಲಿ ಹತ್ತಿರದ ಆ ಹಳ್ಳಿಯ ಪಂಚಾಯತಿ ಗುಮಾಸ್ತ. ಬೈದರೂ ನಗುವ ಮನುಷ್ಯ. ಆ ನಗು ಕಂಡರೆ ನನಗೆ ಬೈಗುಳವೇ ಮರೆತುಹೋಗುತ್ತಿತ್ತು. ಅದಕ್ಕೇ ಕಿಟಕಿಯತ್ತ ತಿರುಗಿ ಬೈಯುತ್ತಿದ್ದೆ.

ಅದು ಎಂಬತ್ತೇಳನೆಯ ಇಸವಿ. ಹಳೆ ಪಂಚಾಯತಿ ಹೋಗಿ ಮಂಡಲ ಪಂಚಾಯತಿ ಬರುತ್ತಿತ್ತು. ಹಳ್ಳಿಹಳ್ಳಿಯ ಹಳೆಯ ದಫ್ತರಗಳನ್ನು ಬೆಳಗಾವಿಗೆ ಸಾಗಿಸಿ ಕಾಪಾಡುವುದು ನನ್ನ ನೌಕರಿ. ಆದರೆ ಹುಳ ಹತ್ತಿದ್ದನ್ನು ತರಬಾರದು, ಅಲ್ಲೇ ಸುಡಬೇಕು ಎಂದು ಮೇಲಿನವರ ಹುಕುಂ. ಈ ಊರಿನಲ್ಲಿ ಮುಂಬೈ ಸರಕಾರದ ಕಾಲದ ಠರಾವುಗಳಿದ್ದವು. ಊರ ಬಾವಿ ಎಲ್ಲ ಜಾತಿಯವರಿಗೂ ಸೇರಿದ್ದು ಎಂದು ಪಂಚರು ಜಗಳಾಡಿ, ಕೊನೆಗೆ ಒಪ್ಪಿ, ಹೆಬ್ಬೆಟ್ಟು ಒತ್ತಿದ ಹಾಳೆಯನ್ನು ಹಿಂದಿನ ತಿಂಗಳು ನಾನೇ ಕೈಯಲ್ಲಿ ಹಿಡಿದಿದ್ದೆ. ಅದರ ಅಂಚಿನಲ್ಲಿ ಹುಳ ಹರಿದಾಡುತ್ತಿತ್ತು.

"ನಾಳೆ ಸಾಹೇಬ್ರು ಬರ್ತಾರ. ಒಂದ ಹುಳಾ ಕಂಡರೂ ಬೆಂಕಿ ಹಚ್ಚಸ್ತಾರ. ಗೊತ್ತೈತಿಲ್ಲ?"

"ಮಾಳಗಿ ಮ್ಯಾಲ ಬರ್ರಿ," ಎಂದ.

ಅಲ್ಲಿ ಚಪ್ಪರದ ನೆರಳಿನಲ್ಲಿ ದಫ್ತರಗಳು ಸಾಲಾಗಿ ಗಾಳಿಗೆ ಬಿಚ್ಚಿಕೊಂಡಿದ್ದವು. ಪಕ್ಕದಲ್ಲಿ ಉದುರಿದ ನವಿಲುಗರಿಗಳ ಒಂದು ಕಟ್ಟು. ನಮ್ಮ ಮುನಿಗಳು ಇರುವೆಯೂ ಸಾಯದಂತೆ ಪಿಂಛಿಯ ಗರಿಗಳಿಂದ ನೆಲ ಸವರಿ ಕೂರುವ ಹಾಗೆ ಆತ ಹಾಳೆ ಹಾಳೆ ಸವರಿದ್ದ.

"ಹುಳಾ ಎಲ್ಲಾ ಸರಸಿ, ಬೇಲಿ ಬುಡಕ್ಕ ಬಿಟ್ಟ ಬಂದೇನ್ರಿ. ಮತ್ತ ಹೊಳ್ಳಿ ಬರಬಾರದಂತ ನಿಪ್ಪಾಣಿ ತಂಬಾಕಿನ ಕಡ್ಡಿ ಇಟ್ಟೇನಿ. ನಾವು ಜೈನರ ನೋಡ್ರಿ, ಕೊಲ್ಲಾಕ ಕೈ ಬರಲಿಲ್ಲ."

ಒಂದೊಂದೇ ದಫ್ತರ ಬಿಚ್ಚಿ ನೋಡಿದೆ. ಬಾವಿಯ ಠರಾವನ್ನೂ ನೋಡಿದೆ. ಒಂದು ಹುಳವೂ ಇರಲಿಲ್ಲ. ಕಣ್ಣು ತುಂಬಿ ಬಂತು.

"ಯಾಕ್ರಿ ಮೇಡಂ, ತಪ್ಪಾತೇನು?"

"ನನ್ನ ಹೆಸರ ಅಕ್ಕುತಾಯಿ. ಅಥಣಿ ಬಸದಿ ಓಣಿಯಾಕಿ."

ಆತನ ನಗು ನಿಂತೇಹೋಯಿತು. "ನೀವೂ ಜೈನರಾ? ಮತ್ತ ಈ ಪುಡಿ?"

"ಊರೂರಾಗ ಹೊಡದೇನಿ. ಹೊಡದ ದಿನಾ ಊಟ ಸೇರೂದಿಲ್ಲ. ಕಾಗದಾ ಉಳೀಬೇಕಂದ್ರ ಬ್ಯಾರೆ ಹಾದಿನ ಇಲ್ಲಂತ ತಿಳಕೊಂಡಿದ್ದೆ. ಪಾಪಾ ಎಲ್ಲಾ ನನಗ, ನವಿಲಗರಿ ನಿಮಗ. ಹೌದಲ್ಲ?"

ಆತ ತಲೆ ತಗ್ಗಿಸಿದ. ಕಿವಿ ಕೆಂಪಾಗಿದ್ದವು. "ಈ ಪುಡಿ ಕೊಟ್ಟವರು ನಮ್ಮವರ ಆಗಾಕ ಸಾಧ್ಯ ಇಲ್ಲ, ಆಸೆ ಬ್ಯಾಡಂತ ತಿಂಗಳಿಡೀ ಮನಸ್ಸಿಗೆ ಬುದ್ಧಿ ಹೇಳಾಕತ್ತಿದ್ನಿರಿ. ಅದು ಕೇಳವಲ್ದಾಗಿತ್ತು."

ಈ ಸಲ ನಾನು ಕಿಟಕಿ ಹುಡುಕಲಿಲ್ಲ. ಆತನನ್ನೇ ನೋಡಿದೆ.

ಮರುದಿನ ಸಾಹೇಬರು ಬಂದರು. ಎರಡು ದಫ್ತರ ಬಿಚ್ಚಿದರು, ತಂಬಾಕಿನ ಘಾಟಿಗೆ ಸೀನಿದರು, "ಎಲ್ಲಾ ಚಲೋ ಐತಿ, ಒಯ್ಯಿರಿ," ಎಂದು ಸಹಿ ಹಾಕಿದರು. ದಫ್ತರಗಳನ್ನು ಟೆಂಪೋಗೆ ಏರಿಸಿದೆ.

ಟೆಂಪೋ ಹೊರಡುವಾಗ ಶ್ರೀಪಾಲ ಓಡಿ ಬಂದ. "ಪುಡಿ ಡಬ್ಬಿ ಬಿಟ್ಟ ಹೊಂಟೀರಲ್ರಿ."

"ನನಗಿನ್ನ ಅದು ಬ್ಯಾಡ. ಆ ಗರಿ ಕೊಡ್ರಿ, ಮುಂದ ರಾಯಬಾಗದ ದಫ್ತರಕ್ಕ ಬೇಕಾಗ್ತಾವು."

"ಬರೇ ಗರಿ ಸಾಕೇನ್ರಿ?"

"ಸಾಲೂದಿಲ್ಲ. ಐತವಾರ ಅಥಣಿಗೆ ಬರ್ರಿ, ಅಪ್ಪಗ ಹೇಳಿರ್ತೇನಿ. ಹೊತ್ತ ಮುಳಗೂದ್ರಾಗ ಬರಬೇಕ ಮತ್ತ, ಜೈನರ ಮನ್ಯಾಗ ರಾತ್ರಿ ಊಟ ಸಿಗೂದಿಲ್ಲ."

ಆತ ಗರಿಗಳನ್ನು ನನ್ನ ಮಡಿಲಿಗಿಟ್ಟ.

"ಹೊತ್ತ ಹುಟ್ಟೂದ್ರಾಗ ಬರ್ತೇನ್ರಿ," ಎಂದ.