ಬಿರುಕಿನ ಮೇಲಿನ ಗಾಜು

ಏಳು ವರ್ಷ ಮುಚ್ಚಿದ್ದ ಅಂಗಡಿಯ ಬಾಗಿಲು ತೆರೆದಾಗ ಮೊದಲು ಬಂದದ್ದು ಹಳೆಯ ಅಂಟಿನ ವಾಸನೆ. ಆಮೇಲೆ ಕಂಡದ್ದು ಅವನು.

ಹಿತ್ತಲ ಬಾಗಿಲಿನಿಂದ ಬಂದಿರಬೇಕು. ಗೋಡೆಗೆ ಮುಖ ಮಾಡಿ, ಬಿರುಕಿನ ಮೇಲೆ ಬೆರಳಿಟ್ಟು ನಿಂತಿದ್ದ. ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ತೋಳಿನ ತುಂಬ ಸುಣ್ಣದ ಧೂಳು.

ಅವಳ ಕೈಯಲ್ಲಿದ್ದ ಬೀಗ ಜಾರಿ ಕಾಲ ಮೇಲೆ ಬಿತ್ತು. ನೋವೇ ಗೊತ್ತಾಗಲಿಲ್ಲ.

"ಬನ್ನಿ," ಎಂದ ಅವನು. "ಅಂಗಡಿ ನಿಮ್ಮದೇ."

ಬನ್ನಿಯಂತೆ... ಒಂದು ಕಾಲದಲ್ಲಿ 'ಬಾ, ಇಲ್ಲಿ ನೋಡು' ಎನ್ನುತ್ತಿದ್ದ ಬಾಯಿ ಅದು. ಅವಳು ಬೀಗ ಎತ್ತಿಕೊಂಡು ಹೊರಗೆ ಬಂದು ನಿಂತಳು.

ಅವಳು ಬುಕ್ ಬೈಂಡರ್ ಮಗಳು. ಆ ಹಳೇ ಬೀದಿಯಲ್ಲಿ ಒಂದೇ ಸಾಲಿಗೆ ಹನ್ನೆರಡು ಅಂಗಡಿ. ಕಲ್ಲಿನ ಗೋಡೆ, ಮೇಲೆ ಮರದ ಬಾಲ್ಕನಿ, ಇಡೀ ಸಾಲಿಗೆ ಹಿಂಬದಿಯಲ್ಲಿ ಒಂದೇ ಉದ್ದನೆಯ ಗೋಡೆ. ಎಂಟು ವರ್ಷದ ಹಿಂದೆ ಆ ಗೋಡೆ ಬೈಂಡರ್ ಅಂಗಡಿಯೊಳಗೆ ಬಿರುಕು ಬಿಟ್ಟಿತ್ತು. ಅದನ್ನು ಪರೀಕ್ಷಿಸಲು ಬಂದ ಇಂಜಿನಿಯರೇ ಅವನು.

ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆದಿದ್ದ. ಇದು ಗೋಡೆಗೆ ಇಟ್ಟ ಥರ್ಮಾಮೀಟರ್ ಅಂದುಕೊಳ್ಳಿ ಎಂದು ಅವಳ ಅಪ್ಪನಿಗೆ ವಿವರಿಸಿದ್ದ. ಒಂದು ವರ್ಷ ಗಾಜು ಹಾಗೇ ಉಳಿದರೆ ಗೋಡೆ ಅಲುಗಾಡುತ್ತಿಲ್ಲ ಎಂದರ್ಥ, ಒಡೆದರೆ ಜಾಗ ಖಾಲಿ ಮಾಡಬೇಕಾಗುತ್ತದೆ.

ಪ್ರತಿ ತಿಂಗಳು ಒಂದು ಸಲ ಗಾಜು ನೋಡಲು ಬರುತ್ತಿದ್ದ. ಗಾಜು ನೋಡಲು ಎರಡು ನಿಮಿಷ ಸಾಕು. ಅವನಿಗೆ ಎರಡು ಗಂಟೆ ಬೇಕಾಗುತ್ತಿತ್ತು! ಬೀದಿಯವರು ಅವನಿಗೆ 'ಗಾಜಿನ ಸಾಹೇಬ್ರು' ಎಂದು ಹೆಸರಿಟ್ಟರು. ಪಕ್ಕದ ಅಂಗಡಿಯ ಟೈಲರ್ ಮಾಮ, ಸಾಹೇಬರ ಕಣ್ಣು ಗೋಡೆ ಮೇಲಿಲ್ಲ ಎಂದು ಎಲ್ಲರ ಮುಂದೆ ಕಾಲೆಳೆಯುತ್ತಿದ್ದರು. ಅವಳು ನಾಚಿ ಪುಸ್ತಕದ ರಾಶಿಯ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದಳು.

ಹತ್ತನೇ ತಿಂಗಳು ಹೋಗುವಾಗ ಅವನು ಮೆಲ್ಲಗೆ ಹೇಳಿದ್ದ, "ವರ್ಷ ತುಂಬಿದ ದಿನ ಗಾಜು ನೋಡೋಕೆ ಬರಲ್ಲ. ನಿಮ್ಮಪ್ಪನ ಹತ್ರ ಮಾತಾಡೋಕೆ ಬರ್ತೀನಿ."

ಪಾಪ, ಅವಳ ಸಂತೋಷಕ್ಕೆ ಪಾರವೇ ಇರಲಿಲ್ಲ.

ಅವನು ಬರುವ ಹಿಂದಿನ ದಿನ, ಅಪ್ಪ ಇಲ್ಲದ ಹೊತ್ತು ನೋಡಿ ಸ್ಟೂಲ್ ಹತ್ತಿ, ಒದ್ದೆ ಬಟ್ಟೆಯಿಂದ ಆ ಗಾಜನ್ನು ಒರೆಸಿ ಫಳಫಳ ಹೊಳೆಯುವಂತೆ ಮಾಡುವುದು ಅವಳ ಅಭ್ಯಾಸ. ಅವನು ಇಟ್ಟ ಗಾಜಲ್ಲವೇ! ಹನ್ನೊಂದನೇ ತಿಂಗಳು, ಒರೆಸುವಾಗ ಹೆಬ್ಬೆರಳು ಸ್ವಲ್ಪ ಜೋರಾಗಿ ಒತ್ತಿತು.

ಟಕ್.

ಕೂದಲೆಳೆಯಷ್ಟು ಗೆರೆ... ಸರಿಯಾಗಿ ಬಿರುಕಿನ ಮೇಲೇ.

ಮರುದಿನ ಅವನು ನೋಡಿದ. ಮುಖದ ಬಣ್ಣವೇ ಬದಲಾಯಿತು. "ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಯಾರೂ ಮುಟ್ಟಿಲ್ಲ ಸಾರ್," ಎಂದರು ಅಪ್ಪ, ಪ್ರಾಮಾಣಿಕವಾಗಿ.

ಅವನು ಅವಳ ಕಡೆ ತಿರುಗಿದ. ನಿಮಗಾಗಿ ಗಾಜು ಒರೆಸುತ್ತಿದ್ದೆ ಎಂದು ಅಪ್ಪನ ಎದುರು ಹೇಗೆ ಹೇಳುವುದು? ಅವಳು ಒಲೆಯ ಮೇಲಿನ ಅಂಟು ನೋಡುವ ನೆಪದಲ್ಲಿ ಒಳಗೆ ಹೋದಳು. ಅಷ್ಟೇ ಅವಳು ಮಾಡಿದ್ದು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಬರುವಷ್ಟರಲ್ಲಿ ವರದಿ ಹೋಗಿತ್ತು. ತಿಂಗಳೊಳಗೆ ಹನ್ನೆರಡು ಅಂಗಡಿಗೂ ಬೀಗ ಬಿತ್ತು. ನಮ್ಮನ್ನು ಬೀದಿಪಾಲು ಮಾಡಿದವನು ಹೊಸ್ತಿಲು ತುಳಿಯಕೂಡದು ಎಂದರು ಅಪ್ಪ. ಅವನು ಒಮ್ಮೆ ಮನೆಗೆ ಬಂದು ಬಾಗಿಲು ತಟ್ಟಿದ. ಅವಳು ಒಳಗೆ ಚಿಲಕ ಹಿಡಿದು ನಿಂತಿದ್ದಳು, ತೆಗೆಯಲಿಲ್ಲ. ಯಾವ ಮುಖ ಹೊತ್ತು ತೆಗೆಯುವುದು?

ಎರಡು ವರ್ಷದ ನಂತರ ಅಪ್ಪ ಹೋದರು. ಕೊನೆಯವರೆಗೂ ನಮ್ಮ ಗೋಡೆಗೆ ಏನೂ ಆಗಿರಲಿಲ್ಲ ಮಗಳೇ ಎನ್ನುತ್ತಿದ್ದರು. ಅವಳು ಹೂಂಗುಟ್ಟುತ್ತಿದ್ದಳು. ಆ 'ಹೂಂ'ಗಳು ಇವತ್ತಿಗೂ ಅವಳ ಬೆನ್ನು ಬಿಟ್ಟಿಲ್ಲ.

ಅಂಗಡಿಗಳು ಹೋದ ಮೇಲೆ ಬೀದಿಯೂ ಹೋಯಿತು. ಮೂಲೆಯ ಹೋಟೆಲ್ ಮುಚ್ಚಿತು, ಸಂಜೆಯಾದರೆ ಬಿಕೋ ಎನ್ನುತ್ತಿತ್ತು. ಈಗ ಊರಿನವರೇ ಸೇರಿ ಆ ಸಾಲನ್ನು ದುರಸ್ತಿ ಮಾಡಿಸಿ, ಹಳಬರನ್ನೆಲ್ಲ ಮತ್ತೆ ಕರೆತರಲು ಹೊರಟಿದ್ದರು. ಕೆಲಸ ಒಪ್ಪಿಕೊಂಡವನು ಇವನೇ ಎಂಬುದು ಅಂಗಡಿಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಎಲ್ಲರೂ ಬೈಂಡರ್ ಅಂಗಡಿಯಲ್ಲೇ ಸೇರಿದರು. ಅವನು ಎದ್ದು ನಿಂತ. ಮೂರು ತಿಂಗಳಿಂದ ಅಳತೆ ತೆಗೆದಿದ್ದೇನೆ, ಗೋಡೆ ಒಂದು ಎಳೆಯಷ್ಟೂ ಅಲುಗಿಲ್ಲ ಎಂದ. ಆಮೇಲೆ ಬಿರುಕಿನ ಕಡೆ ತಿರುಗಿದ.

"ಅವತ್ತೂ ಅಲುಗಿರಲಿಲ್ಲ. ನಾನೇ ತಪ್ಪಾಗಿ ಓದಿದೆ. ತಪ್ಪು ನಂದು."

ಟೈಲರ್ ಮಾಮ ಕೂತಲ್ಲಿಂದಲೇ ದನಿ ಎತ್ತಿದರು. "ತಪ್ಪು ಅಂತ ಒಂದು ಮಾತಲ್ಲಿ ಮುಗಿಸ್ತೀರಾ ಸಾಹೇಬ್ರೇ? ನನ್ನ ಮೆಷಿನ್ ಏಳು ವರ್ಷ ಮಂಚದ ಕೆಳಗಿತ್ತು. ಈ ಕೆಲಸ ಬೇರೆ ಯಾರಾದ್ರೂ ಮಾಡ್ಲಿ. ನೀವು ಬೇಡ."

ಎಲ್ಲರೂ ಹೌದೆಂದರು. ಅವನು ತಲೆತಗ್ಗಿಸಿ ಕಾಗದ ಮಡಚತೊಡಗಿದ.

ಹೋಗುತ್ತಾನೆ... ಈ ಸಲವೂ ನಾನು ಸುಮ್ಮನಿದ್ದರೆ ಇವನು ಹೋಗಿಯೇ ಬಿಡುತ್ತಾನೆ.

"ಗಾಜು ಒಡೆದಿದ್ದು ನಾನು."

ಅವಳ ದನಿ ಅವಳಿಗೇ ಅಪರಿಚಿತವೆನಿಸಿತು. ಒರೆಸಿದ್ದು, ಒತ್ತಿದ್ದು, ಒಳಗೆ ಹೋಗಿ ಅಂಟು ತಿರುವಿದ್ದು... ಒಂದನ್ನೂ ಬಿಡದೆ ಹೇಳಿದಳು. ಯಾಕೆ ಒರೆಸುತ್ತಿದ್ದೆ ಎಂಬುದನ್ನೂ ಹೇಳಿದಳು.

ಮಾಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ನಿಮ್ಮಪ್ಪನಿಗೆ ಗೊತ್ತಿತ್ತೇನಮ್ಮಾ?"

"ಇಲ್ಲ ಮಾಮ."

ಅವರು ಎದ್ದು ಹೊರಟುಹೋದರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಉಳಿದವನು ಅವನೊಬ್ಬನೇ. ಅವನ ಕಣ್ಣು ಕೆಂಪಾಗಿತ್ತು.

"ಏಳು ವರ್ಷ ಯಾವ ಗೋಡೆ ಮುಂದೆ ನಿಂತ್ರೂ ನನ್ನ ಕಣ್ಣನ್ನ ನಾನೇ ನಂಬ್ತಿರಲಿಲ್ಲ. ಒಂದು ಮಾತು ಹೇಳಿದ್ರೆ ಸಾಕಾಗಿತ್ತು."

"ಗೊತ್ತು."

"ಬಾಗಿಲಾದ್ರೂ ತೆಗೀಬಹುದಿತ್ತು."

ಅವನು ಕಾಗದವನ್ನು ಅಲ್ಲೇ ಬಿಟ್ಟು ಹೋದ.

ಬೀದಿ ಅವಳನ್ನು ಬೈದದ್ದು ಸ್ವಲ್ಪವಲ್ಲ. ಕೆಲಸ ಮಾತ್ರ ಅವನ ಕೈಯಲ್ಲೇ ಉಳಿಯಿತು. ಅವನು ದಿನವೂ ಬಂದು ಗಾರೆ ಕಲಸಿಸುತ್ತಿದ್ದ, ಬಾಲ್ಕನಿಯ ಮರ ಉಜ್ಜಿಸುತ್ತಿದ್ದ. ಬೈಂಡರ್ ಅಂಗಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳು ಧೂಳು ಗುಡಿಸಿದಳು, ಅಪ್ಪನ ಸೂಜಿಗಳ ತುಕ್ಕು ತಿಕ್ಕಿದಳು, ಅತ್ತಳು.

ಒಂಬತ್ತನೇ ದಿನ ಟೈಲರ್ ಮಾಮ ಬಂದು, ತಮ್ಮ ಹಳೇ ಅಳತೆ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ನಿಮ್ಮಪ್ಪ ಹೊಲಿದಿದ್ದು. ದಾರ ಬಿಟ್ಟಿದೆ. ಸರಿ ಮಾಡಿಡು," ಎಂದಷ್ಟೇ ಹೇಳಿ ಹೊರಟರು. ಅವಳು ಆ ಪುಸ್ತಕವನ್ನು ಎದೆಗವಚಿಕೊಂಡು ಬಹಳ ಹೊತ್ತು ಕೂತಿದ್ದಳು.

ಸಂಜೆ ಬಾಗಿಲಲ್ಲಿ ನೆರಳು ಬಿತ್ತು. ಅವನ ಒಂದು ಕೈಯಲ್ಲಿ ಗಾರೆಯ ಬಾಣಲೆ, ಇನ್ನೊಂದರಲ್ಲಿ ತೆಳು ಗಾಜಿನ ಪಟ್ಟಿ.

ಒಳಬಂದು, ಹಳೆಯ ಗುರುತಿನ ಕೆಳಗೆ ಹೊಸ ಗಾಜು ಇಟ್ಟ. ತುದಿಗಳಿಗೆ ಗಾರೆ ಮೆತ್ತಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದ.

"ತಾರೀಖು ನೀನೇ ಬರಿ."

ನೀನು ಎಂದ! ಅವಳು ಬರೆದ ಅಂಕಿ ಸೊಟ್ಟಗಾಯಿತು. "ಗೋಡೆ ಅಲುಗ್ತಿಲ್ಲ ಅಂತ ಗೊತ್ತಾಯ್ತಲ್ಲ... ಮತ್ತೆ ಇದ್ಯಾಕೆ?"

"ತಿಂಗಳಿಗೊಂದ್ಸಲ ಬರೋಕೆ ಒಂದು ನೆಪ ಬೇಕಲ್ಲ." ಅವನ ನಗು ಪೂರ್ತಿ ಮೂಡಲಿಲ್ಲ. "ಕೋಪ ಇನ್ನೂ ಹೋಗಿಲ್ಲ. ಹೋಗೋಕೆ ವರ್ಷ ಹಿಡೀಬಹುದು."

"ಕಾಯ್ತೀನಿ," ಎಂದಳು. ಆಮೇಲೆ ಗಾಜಿನ ಕಡೆ ನೋಡುತ್ತಾ, ಅಳುಕುತ್ತಾ ಕೇಳಿದಳು, "ಈ ಸಲ... ಒರೆಸಬಹುದಾ?"

ಅವನು ಅವಳ ಬೆರಳುಗಳನ್ನು ಸುಣ್ಣ ಮೆತ್ತಿದ ತನ್ನ ಕೈಯಲ್ಲಿ ತೆಗೆದುಕೊಂಡ.

"ಒರೆಸು. ಒಡೆದ್ರೆ ಹೇಳು... ಅಷ್ಟೇ."