ತನ್ನ ಮುಖವನ್ನೇ ಕೆತ್ತಿಸಿದ ಗಂಡ

"ಬೇಡ ಕಣಪ್ಪಾ. ಆ ಮುಖ ಹೆಂಗಿರ್ಬೇಕು ಅಂತ ಹೇಳೋನು ನೀನಲ್ಲ. ನಿನ್ ಹೆಂಡ್ತಿ ಕನಸಿಗೆ ಬರೋನು ಹೇಳ್ಬೇಕು," ಎಂದ ಮರದ ಗೊಂಬೆ ಕೆತ್ತುವ ಮುದುಕ ಅಲ್ಲೂ. ಕೆತ್ತುತ್ತಿದ್ದ ಬಾಚಿ ಅಲ್ಲೇ ನಿಂತಿತ್ತು.

ಲೂಕು ನಕ್ಕ. ಅಬಿಜಾನ್ ಪಟ್ಟಣದಲ್ಲಿ ಬಸ್ಸು ರಿಪೇರಿ ಮಾಡಿಕೊಂಡಿದ್ದವನು. ಹೆಂಡತಿ ಅಮ್ವೆನ್‌ಳ ಊರಿಗೆ ಬಂದದ್ದು ಈಚೆಗೆ, ಅದೂ ಒಲ್ಲದ ಮನಸ್ಸಿನಿಂದ. ಅವಳ ಬಸಿರು ನಿಲ್ಲುತ್ತಲೇ ಇರಲಿಲ್ಲ. ಇವಳು ಹುಟ್ಟುವ ಮುಂಚೆ ಆಚೆ ಲೋಕದಲ್ಲಿ ಬಿಟ್ಟು ಬಂದ ಗಂಡ ಮುನಿಸಿಕೊಂಡಿದ್ದಾನೆ, ಅವನ ಗೊಂಬೆ ಮಾಡಿಸಿ, ಬುಧವಾರದ ರಾತ್ರಿ ಅವನಿಗೆ ಬಿಟ್ಟುಕೊಡಿ ಎಂದಿದ್ದಳು ಕಣಿ ಹೇಳುವವಳು. ಅಂದರೆ ಬುಧವಾರ ಲೂಕುವಿಗೆ ಜಗಲಿಯೇ ಗತಿ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಿಗೆ ಇದು ಹೇಗೆ ಸಹ್ಯವಾದೀತು?

"ನನ್ ಹೆಂಡ್ತಿ ಪಕ್ಕ ಯಾವನೋ ಮರದ ಮಿಂಡ ಮಲಗೋದಾ? ನನ್ ಮುಖಾನೇ ಕೆತ್ತು ತಾತ. ಬುಧವಾರಾನೂ ನಂದೇ ಆಗತ್ತೆ."

"ಒಂದು ಮುಖಕ್ಕೆ ಇಬ್ರಾಗ್ತೀರಿ. ಮನೆಗೆ ಒಬ್ನೇ ಸಾಕು."

"ಹಂಗಾದ್ರೆ ಅವನೇ ಜಗಲೀಲಿ ಮಲಗ್ಲಿ ಬಿಡು!"

ಗೊಂಬೆ ಮನೆಗೆ ಬಂತು. ಅಮ್ವೆನ್ ನೋಡಿ ಬೆಚ್ಚಿದಳು. "ಇವನಲ್ಲ ರೀ ನನ್ನ ಕನಸಿನವನು."

"ಇವನೇ ಅಂದ್ಕೋ," ಎಂದ ಲೂಕು.

ಅವಳು ಅಂದುಕೊಂಡಳು. ಅದೇ ಎಡವಟ್ಟಾಯಿತು. ಗೊಂಬೆಗೆ ತಾಳೆಎಣ್ಣೆ ಸವರಿದಳು, ಬಿಳಿ ಬಟ್ಟೆ ಸುತ್ತಿದಳು, ಗೆಣಸು ಮೊಟ್ಟೆ ಎಡೆ ಇಟ್ಟಳು. ಈ ಸಲ ಬಸಿರು ನಿಂತಿತು. ಅವಳ ಮುಖ ಅರಳಿತು. ಲೂಕುವಿಗೆ ಮಾತ್ರ ಮನೆಯಲ್ಲಿ ಜಾಗ ಕಡಿಮೆಯಾಗುತ್ತಾ ಬಂತು. ಮಾತಾಡಿಸಿದರೆ "ಆಗ್ಲೇ ಹೇಳಿದ್ರಲ್ಲ" ಎನ್ನುತ್ತಾಳೆ. ಹಾಸಿಗೆಯ ಹತ್ತಿರ ಹೋದರೆ "ಮತ್ತೆ ಯಾಕೆ ಎದ್ದು ಬಂದ್ರಿ?" ಎನ್ನುತ್ತಾಳೆ. ಯಾವ ದಿನ ನೋಡಿದರೂ ಬುಧವಾರವೇ. ಯಾರ ಮೇಲೆ ರೇಗುವುದು? ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಡುವ ಗಂಡಸನ್ನು ಕಂಡರೆ ಊರು ನಗದೆ ಇರುತ್ತದೆಯೇ?

ಒಂದು ಮಧ್ಯಾಹ್ನ ಹೊಲದಿಂದ ಹಸಿದು ಬಂದು ಊಟ ಬಡಿಸೆಂದ.

"ಈಗ್ತಾನೆ ಉಂಡ್ರಲ್ಲ!" ಎಂದು ಅಮ್ವೆನ್ ಒರಳು ತೊಳೆಯುತ್ತಾ ನಕ್ಕಳು. "ಎರಡ್ ಸಲ ಹಾಕಿಸ್ಕೊಂಡ್ರಿ."

ಲೂಕು ಕೋಣೆಗೆ ನುಗ್ಗಿದ. ಕಿಟಕಿ ಮುಚ್ಚಿತ್ತು. ಹಗಲಲ್ಲೂ ಕಣ್ಣಿಗೆ ಏನೂ ಕಾಣದ ಕತ್ತಲು. ಎಣ್ಣೆಯ ವಾಸನೆ, ಅದರೊಳಗೆ ಬೆವರಿನ ವಾಸನೆ. ಅವನದೇ ಬೆವರು. ಮೂಲೆಯಲ್ಲಿ ಯಾರೋ ನಿಧಾನವಾಗಿ ಅಗಿಯುತ್ತಿದ್ದ ಸದ್ದು. ಕೈ ಚಾಚಿದ. ಸದ್ದು ನಿಂತಿತು. ಬೆರಳಿಗೆ ಸಿಕ್ಕಿದ್ದು ಮರದ ತುಟಿ. ಬೆಚ್ಚಗಿತ್ತು. ಒದ್ದೆಯಾಗಿತ್ತು.

ಗೊಂಬೆಯನ್ನು ಕಂಕುಳಲ್ಲಿ ಅವುಚಿಕೊಂಡು ಅಲ್ಲೂವಿನ ಚಪ್ಪರಕ್ಕೆ ಓಡಿದ.

"ಕೆರೆದು ಹಾಕು ಈ ಮುಖಾನ!"

ಅಲ್ಲೂ ಹಿಂದೆ ಸರಿದ. "ಇರೋದು ಒಂದೇ ಮುಖ, ಲೂಕು. ಕೆರೆದ್ರೆ ಯಾರ್ದು ಹೋಗತ್ತೋ ನಂಗೂ ಗೊತ್ತಿಲ್ಲ. ಹೋಗು, ಅವಳ ಹತ್ರ ತಪ್ಪೊಪ್ಕೋ. ಅವಳ ಕನಸಿನವನನ್ನ ಕೇಳ್ಕೊಂಡು ಹೊಸದು ಕೆತ್ಕೊಡ್ತೀನಿ."

"ಇನ್ನೊಬ್ನಾ? ಮತ್ತೆ ಜಗಲೀನಾ? ಸಾಕಾಗಿದೆ ನಂಗೆ!"

ಬಾಚಿ ಕಿತ್ತುಕೊಂಡ. ಹೊಡೆದ. ಮೂಗು ಹಾರಿತು. ಮತ್ತೆ ಹೊಡೆದ. ಕಣ್ಣು ಹೋಯಿತು. ಬಾಯಿ ಹೋಯಿತು. ಹಸಿ ಮರದ ವಾಸನೆ ಎದ್ದಿತು. ಅವನಿಗೆ ಎಲ್ಲೂ ನೋಯಲಿಲ್ಲ. ಗೆದ್ದೆ ಎಂದುಕೊಂಡ. ತಿರುಗಿದರೆ ಅಲ್ಲೂ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಮನೆ ಮುಟ್ಟುವಷ್ಟರಲ್ಲಿ ಉಸಿರು ಮೇಲೆ ಬಂದಿತ್ತು. ಅಮ್ವೆನ್ ಹೊಟ್ಟೆ ಹಿಡಿದುಕೊಂಡು ಎದ್ದಳು, ಮಣೆ ಹಾಕಿದಳು, ಸೋರೆಬುರುಡೆಯಲ್ಲಿ ನೀರು ತಂದು ಎರಡೂ ಕೈಯಲ್ಲಿ ಕೊಟ್ಟಳು.

"ಬನ್ನಿ ಅಣ್ಣಾ, ಕೂತ್ಕೊಳ್ಳಿ. ಮೊದ್ಲು ನೀರು ಕುಡೀರಿ. ಯಾವೂರಿಂದ ಬಂದ್ರಿ, ಏನು ಸಮಾಚಾರ?"

"ನಾನು ಕಣೇ! ಲೂಕು! ನಿನ್ ಗಂಡ!"

ಅವಳು ಹೆದರಿ ಹಿಂದಕ್ಕೆ ಸರಿದು ಒಳಗೆ ಕೂಗಿದಳು. ಬಿಳಿ ಬಟ್ಟೆ ಸುತ್ತಿಕೊಂಡ ಗಂಡಸೊಬ್ಬ ಹೊರಗೆ ಬಂದ. ಲೂಕುವಿನ ಹಣೆ, ಲೂಕುವಿನ ಮೂಗು, ಲೂಕುವಿನ ನಗು. ಅವನು ಅಮ್ವೆನ್‌ಳ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ. ಆಮೇಲೆ ಅತಿಥಿಗೆ ಜಗಲಿ ತೋರಿಸಿದ.

"ದಣಿದಿದ್ದೀರಿ. ಇವತ್ತು ಇಲ್ಲೇ ಮಲಗಿ," ಎಂದ.