ಬಾಗಿಲಿಗೆ ಬೇವು, ಒಲೆಗೆ ಬೆಳ್ಳುಳ್ಳಿ

"ಇನ್ನೊಂದು ಟೊಂಗಿ ಕೊಡು," ಎಂದು ಸ್ಟೂಲಿನ ಮೇಲೆ ನಿಂತ ಗುರುಶಾಂತವ್ವ ಕೈ ಚಾಚಿದಳು. ಮೊಮ್ಮಗಳು ಸಂಗವ್ವ ಕೆಳಗಿನಿಂದ ಬೇವಿನ ಟೊಂಗೆ ಎತ್ತಿಕೊಟ್ಟಳು. ಬಾಗಿಲ ಚೌಕಟ್ಟು ಹಸಿರಾಯಿತು.

ಆಗ ಸಾಂಗಲಿಯಲ್ಲಿ ರಾಜರ ಆಳ್ವಿಕೆ. ಹತ್ತಿರದ ಸಮಡೋಳಿಯಲ್ಲಿ ಸಿಡುಬು ಎದ್ದಿತ್ತು. ಸಿಡುಬು ಬಂದರೆ ಮನೆಗೆ ದೇವಿ ಬಂದಳು ಎನ್ನುತ್ತಿದ್ದರು. ಬಾಗಿಲಿಗೆ ಬೇವು ಕಟ್ಟಿದರೆ ಹೊರಗಿನವರು ಯಾರೂ ಒಳಗೆ ಕಾಲಿಡುತ್ತಿರಲಿಲ್ಲ.

ಸಂಗಿಯ ಮನೆಗೆ ದೇವಿ ಬಂದಿರಲಿಲ್ಲ. ಬರುವವರಿದ್ದದ್ದು ಡಾಕ್ಟರು. ಅವರು ಶಾಲೆಗೆ ಬಂದು ಮಕ್ಕಳ ತೋಳಿಗೆ ಸೂಜಿಯಿಂದ ಗೀರಿ ಲಸಿಕೆ ಹಾಕಿದ್ದರು. ಪಾಳಿ ಬರುವ ಮೊದಲೇ ಸಂಗಿ ಪಾಟಿಚೀಲವನ್ನೂ ಬಿಟ್ಟು ಓಟ ಕಿತ್ತಿದ್ದಳು. ಅವಳ ಹಿಂದೆ ಗೆಳತಿ ಹೀರಾ. ನಾಳೆ ಡಾಕ್ಟರು ಓಣಿಗೇ ಬರುತ್ತಾರೆಂದು ಗೊತ್ತಾದ ಮೇಲೆ ಸಂಗಿ ಅತ್ತ ಅಳುವಿಗೆ ಅಜ್ಜಿ ಸೋತುಹೋಗಿದ್ದಳು.

"ದೇವಿ ಬಂದಾಕಿಗೆ ಮತ್ತ ಯಾರು ಸೂಜಿ ಚುಚ್ಚತಾರ? ಡಾಕ್ಟರ ಬಾಗಲಾ ನೋಡಿ ಹಂಗ ಮುಂದ ಹೋಗ್ತಾನ," ಎಂದಳು ಅಜ್ಜಿ.

ಉಪಾಯವೇನೋ ಚೆನ್ನಾಗಿಯೇ ಇತ್ತು. ಆದರೆ ದೇವಿ ಬಂದ ಮನೆಗೆ ನೇಮಗಳಿರುತ್ತವೆ. ಎಣ್ಣೆ ಕಾಯಿಸಬಾರದು, ಒಗ್ಗರಣೆ ಹಾಕಬಾರದು. ಸಂಜೆ ಅರಿಸಿನದ ಪೇಟೆಯಿಂದ ಹಸಿದು ಬಂದ ರೇವಪ್ಪ ಕಾಕಾನ ತಾಟಿಗೆ ಬರೀ ಮೊಸರನ್ನ ಬಿತ್ತು. ಒಗ್ಗರಣೆ ಇಲ್ಲದಿದ್ದರೆ ನೀರೂ ಇಳಿಯದ ಗಂಟಲು ಕಾಕಾನದು. ಸುಳ್ಳು ದೇವಿಗೆ ಖರೇ ಉಪವಾಸವೇ ಎಂದು ಗೊಣಗಿದ. ಅಜ್ಜಿ ಕಣ್ಣು ಕೆಕ್ಕರಿಸಿದಳು. ಕಾಕಾ ತೆಪ್ಪಗೆ ನುಂಗಿದ.

ಆ ಮೊಸರು ಎದುರುಮನೆಯದು. ಹೀರಾಳ ತಾಯಿ ರತ್ನಾಬಾಯಿ ಬೇವು ಕಂಡ ಕೂಡಲೇ ಒಂದು ಗಡಿಗೆ ಮೊಸರು ತಂದು ಹೊಸ್ತಿಲ ಹೊರಗಿಟ್ಟು, ಕೈಮುಗಿದು ಹೋಗಿದ್ದಳು. ಅದು ಸಂಗಿಯನ್ನು ಚುಚ್ಚಿತು. ಸೂಜಿಯಷ್ಟೇನೂ ಅಲ್ಲ ಎಂದುಕೊಂಡು ಅವಳು ಮುಸುಕೆಳೆದಳು.

ಮರುದಿನ ಡಾಕ್ಟರು ಬಂದರು. ಬಾಗಿಲನ್ನೂ ನೋಡಿದರು. ಮುಂದೆ ಮಾತ್ರ ಹೋಗಲಿಲ್ಲ. ರೋಗ ಓಣಿಯೊಳಗೇ ಬಂದಿದೆ, ಇನ್ನು ಮಕ್ಕಳಿಗಷ್ಟೇ ಅಲ್ಲ, ಮುದುಕರಿಗೂ ಲಸಿಕೆ ಹಾಕಲೇಬೇಕು ಎಂದರು. ಜೊತೆಗೆ ಬಂದಿದ್ದ ಸಿಪಾಯಿ ಅದನ್ನು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿದ. ಸಂಗಿಯ ಮನೆಯೆದುರಿಗೇ ಮೇಜು ಬಂತು. ಒಬ್ಬಳನ್ನು ಉಳಿಸಲು ಕಟ್ಟಿದ ಬೇವು ಇಡೀ ಓಣಿಯನ್ನು ಸಾಲಿನಲ್ಲಿ ನಿಲ್ಲಿಸಿತು.

ಸಂಗಿ ಕಿಟಕಿಯ ಸಂದಿಯಿಂದ ಇಣುಕಿದಳು. ಎಲ್ಲರಿಗಿಂತ ಮುಂದೆ ಹೀರಾ ನಿಂತಿದ್ದಳು. ಹಲ್ಲಿ ಕಂಡರೆ ಚೀರುವ ಹೀರಾ ತಾನಾಗಿಯೇ ತೋಳು ಮೇಲೇರಿಸಿದ್ದಳು.

"ಇದನ್ನ ಹಾಕ್ಸಿಕೊಂಡ್ರ ನನಗ ದೇವಿ ಬರೂದಿಲ್ಲಲ್ರಿ? ಹಂಗಾದ್ರ ಹಾಕ್ರಿ," ಎಂದಳು. "ನಾ ಸಂಗಿ ಕಡೆ ಹೋಗಿ ಕುಂದ್ರತೀನಿ. ಒಬ್ಬಾಕೀನ ಇದ್ರ ಅಕಿಗೆ ಅಂಜಿಕಿ ಬರ್ತದ."

ಸೂಜಿ ತಾಗಿದಾಗ ಹೀರಾ ಕಣ್ಣು ಮುಚ್ಚಿ ತುಟಿ ಕಚ್ಚಿದಳು. ಒಳಗೆ ಸಂಗಿಗೆ ಅಳು ಉಕ್ಕಿಬಂತು. ಆ ಸೂಜಿ ತನ್ನ ತೋಳಿಗೇ ತಾಗಬಾರದಿತ್ತೇ ಅನ್ನಿಸಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಚುರ್ರೆಂದು ಸದ್ದಾಯಿತು. ಎಲ್ಲರೂ ಹೊರಗಿದ್ದಾರೆಂದು ಕಾಕಾ ಕದ್ದು ಕಡಲೆಹಿಟ್ಟಿನ ಜುಣಕ ಮಾಡಿಕೊಳ್ಳುತ್ತಿದ್ದ. ಅದಕ್ಕೆ ಮುಷ್ಟಿ ತುಂಬ ಬೆಳ್ಳುಳ್ಳಿಯ ಒಗ್ಗರಣೆ! ರತ್ನಾಬಾಯಿಯದು ಜೈನರ ಮನೆ, ಬೆಳ್ಳುಳ್ಳಿ ತಿನ್ನುವವರಲ್ಲ. ಹೀಗಾಗಿ ಮೊದಲು ವಾಸನೆ ಹಿಡಿದದ್ದು ಅವಳ ಮೂಗು. ಆಮೇಲೆ ಇಡೀ ಸಾಲು ಬೇವಿನ ಬಾಗಿಲ ಕಡೆ ತಿರುಗಿತು.

ಬಾಗಿಲಲ್ಲಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡಳು. "ದೇವಿ ಈಗಷ್ಟ ಹೋದ್ಲರಿ."

ಹಾಗಾದರೆ ಹುಡುಗಿಯ ಮುಖ ತೋರಿಸಿರಿ ಎಂದರು ಡಾಕ್ಟರು. ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುವಷ್ಟರಲ್ಲಿ ಸಂಗಿ ತಾನೇ ಹೊರಗೆ ಬಂದಳು. ಮುಖದ ಮೇಲೆ ಒಂದು ಗುಳ್ಳೆಯೂ ಇಲ್ಲ. ಕೆಲವರು ಬೈದರು, ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೀರಾ ಹತ್ತಿರ ಬಂದು ಅವಳ ಕೆನ್ನೆ ಮುಟ್ಟಿ ನೋಡಿದಳು. "ನಿನಗೇನೂ ಆಗಿಲ್ಲ," ಎಂದಳು. ಅಷ್ಟೇ. ಅವಳು ಬೈದಿದ್ದರೆ ಸಂಗಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಗಿ ಹೋಗಿ ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಜುಣಕದ ಕೈಯ ಕಾಕಾ. ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ಚೀರಿದವನು ಕಾಕಾನೇ.

ವಾರ ಕಳೆಯುವುದರಲ್ಲಿ ಎಲ್ಲರ ತೋಳುಗಳೂ ಊದಿಕೊಂಡವು. ಹೀರಾಗೆ ಜ್ವರವೂ ಬಂತು. ಎರಡು ದಿನಕ್ಕೆ ಇಳಿಯುತ್ತದೆ, ಹೆದರಬೇಡಿ ಎಂದು ಡಾಕ್ಟರು ಹೇಳಿಹೋದರು.

ಮೊಸರಿನ ಗಡಿಗೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಜ್ಜಿ ಅದರ ತುಂಬ ಬೆಲ್ಲ ಹಾಕಿಕೊಟ್ಟಳು. ಸಂಗಿ ಅದನ್ನು ಹೊತ್ತು ಎದುರುಮನೆಯ ಹೊಸ್ತಿಲ ಹೊರಗೇ ನಿಂತಳು. ರತ್ನಾಬಾಯಿ ನೋಡಿ, "ಹೊರಗ ಯಾಕ ನಿಂತಿ? ಬಾ," ಎಂದಳು.

ಹೀರಾ ಮಲಗಿದ್ದಳು. ಊದಿದ ತೋಳಿಗೆ ನೊಣಗಳು ಮುತ್ತುತ್ತಿದ್ದವು. ಸಂಗಿ ಪಕ್ಕದಲ್ಲಿ ಕೂತು, ಲಂಗಕ್ಕೆ ಸಿಕ್ಕಿಸಿ ತಂದಿದ್ದ ಬೇವಿನ ಟೊಂಗೆಯಿಂದ ಮೆಲ್ಲಗೆ ಬೀಸತೊಡಗಿದಳು. ತನ್ನ ತೋಳಿನ ಮೇಲೂ ಒಂದು ನೊಣ ಬಂದು ಕೂತದ್ದು ಅವಳಿಗೆ ಗೊತ್ತೇ ಆಗಲಿಲ್ಲ.